ಮುಂಗೋಪಿಯಲ್ಲಿ ಮೂಗು ಇದೆಯೇ?

ಈ ಸಂಚಿಕೆಗೆ ಆರಿಸಿಕೊಂಡ ಐದು ಪತ್ರಗಳೂ ಸಿಟ್ಟಿನ ಸ್ವಭಾವದವರನ್ನು ಕರೆಯುವ ಪದಗಳನ್ನು ಕುರಿತವು. ಬ್ರಹ್ಮಾವರದ ಪತ್ರ ಬಂದು ಎರಡು ತಿಂಗಳಾಯಿತು. ಅದಕ್ಕೆ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸು ಒಪ್ಪದೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅದೇ ವಿಷಯಕ್ಕೆ ಹೊಂದುವ ಇನ್ನೂ ನಾಲ್ಕು ಪತ್ರಗಳು ಕೈಸೇರಿದವು. ಎಲ್ಲವನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮ ಮಗ ಒಂಬತ್ತನೆಯ ತರಗತಿಯಲ್ಲಿದ್ದಾನೆ. ‘ಮುಂಗೋಪಿ’ ಎಂಬ ಪದವನ್ನು ಬಿಡಿಸಿ ಬರೆದು ತರಲು ಶಾಲೆಯಲ್ಲಿ ಹೇಳಿದ್ದರು. ನಮ್ಮ ಮಾವನವರು ‘ಮೂಗು + ಕೋಪಿ, ಅಂದರೆ ಮೂಗಿನ ತುದಿಯಲ್ಲೇ ಕೋಪ ಇರುವವನು’ ಎಂದು ಹೇಳಿಕೊಟ್ಟರು. ಮಗ ಹಾಗೆಯೇ ಬರೆದ. ಟೀಚರು ಅದನ್ನು ಹೊಡೆದುಹಾಕಿ ‘ಮುಂದು + ಕೋಪಿ’ ಎಂದು ತಿದ್ದಿದ್ದಾರೆ. ಮಾವನವರು ಒಪ್ಪುವುದಿಲ್ಲ. ಇಬ್ಬರಲ್ಲಿ ಯಾರದು ಸರಿ? ‘ಮುಂದು’ ಎನ್ನುವುದಾದರೆ ಇಲ್ಲಿ ಅದರ ಅರ್ಥವೇನು? ಕನ್ನಡ ಪದದ ಜತೆಗೆ ಸಂಸ್ಕೃತ ಪದವನ್ನು ಸೇರಿಸಿ ಸಮಾಸ ಮಾಡಬಾರದು ಎಂದೂ ಓದಿದ ನೆನಪು. ಹಾಗಿದ್ದರೆ ‘ಮುಂಗೋಪ’ ಎಂಬ ಪದವೇ ತಪ್ಪೇ? (ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹೇಳಿದ ಬಿಡಿಸುವಿಕೆ ಕನ್ನಡಕ್ಕೆ ಹೊಂದುವುದಿಲ್ಲವಾದರೂ ಅವರ ಮಾತಿಗೆ ನೆಲೆಯೇ ಇಲ್ಲವೆಂದು ತಳ್ಳಿಹಾಕುವಂತಿಲ್ಲ. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಪದದ ರಚನೆ ‘ಮುನ್ + ಕೋಪ’. ಮೊದಲಿನ ‘ಮುನ್’ ಅಚ್ಚಕನ್ನಡದ ಬೇರು. ಮುಂದೆ, ಮುಂದು, ಮುನ್ನ, ಮುನ್ನುಡಿ ಎಲ್ಲವೂ ಅದರಿಂದ ಹುಟ್ಟಿದವು. ಇದರ ಕೊನೆಯ ಅನುನಾಸಿಕದ ಮುಂದೆ ಕಕಾರ ಬಂದಾಗ ಅದು ಗಕಾರವಾಗುವುದು ಕನ್ನಡದ ಹಳೆಯ ಪದ್ಧತಿ. ‘ಕಾರು’ ಮುಂಗಾರು ಆಗುತ್ತದೆ, ‘ಕೈ’ ಮುಂಗೈ ಆಗುತ್ತದೆ, ‘ಕುರುಳು’ ಮುಂಗುರುಳಾಗುತ್ತದೆ. ಅದೇ ದಾರಿಯಲ್ಲಿ ‘ಕೋಪ’ ಮುಂಗೋಪವಾಯಿತು. ಸಿಟ್ಟಿನ ಇನ್ನೊಂದು ಪದವಾದ ‘ಕೆಂಗಣ್ಣು’ ಕೂಡ ಹೀಗೆಯೇ ಆದದ್ದು. ಅಲ್ಲಿ ‘ಕೆಂ’ ಎಂಬುದರ ಮುಂದೆ ‘ಕಣ್ಣು’ ಗಕಾರವನ್ನು ಪಡೆದಿದೆ. ಇನ್ನು ‘ಮೂಗು’ ಎಂಬ ಪದವನ್ನು ನೋಡಿ. ಮೂಗುತಿ, ಮೂಗುದಾರ, ಮೂಗುಬೊಟ್ಟು, ಇವುಗಳಲ್ಲಿ ಯಾವುದರಲ್ಲೂ ಮೊದಲಿನ ದೀರ್ಘ ಕುಗ್ಗಿಲ್ಲ, ‘ಗು’ ಅಳಿದುಹೋಗಿ ಅದರ ಜಾಗದಲ್ಲಿ ಸೊನ್ನೆ ಬಂದಿಲ್ಲ. ಮೂಗು ಒಂದು ‘ಮುಂ’ ಆಗಲು ಎರಡು ಕಡೆ ನಿಯಮ ಮುರಿಯಬೇಕಾಗುತ್ತದೆ. ಒಂದೇ ಪದಕ್ಕಾಗಿ ಭಾಷೆ ಅಷ್ಟು ದೂರ ದಾರಿ ಬಿಟ್ಟು ನಡೆಯುವುದಿಲ್ಲ.

ಟೀಚರು ತಿದ್ದಿದ್ದು ಸರಿ. ‘ಮುಂದು’ ಎಂದು ಅವರು ಬರೆದದ್ದು ಪಠ್ಯಪುಸ್ತಕಗಳ ರೂಢಿ. ‘ಕೈಯ ಮುಂದು ಮುಂಗೈ’ ಎಂದು ಸಮಾಸ ಬಿಡಿಸುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಮಗ ‘ಮುಂ + ಕೋಪ = ಮುಂಗೋಪ, ಆದೇಶ ಸಂಧಿ’ ಎಂದು ಬರೆದುಕೊಳ್ಳಲಿ. ಕೊನೆಯಲ್ಲಿರುವ ಇಕಾರ ‘ಉಳ್ಳವನು’ ಎಂಬ ಅರ್ಥ ಕೊಡುವ ಸಂಸ್ಕೃತ ಪ್ರತ್ಯಯ. ರೋಗ ಉಳ್ಳವನು ರೋಗಿ, ಲೋಭ ಉಳ್ಳವನು ಲೋಭಿ, ಮುಂಗೋಪ ಉಳ್ಳವನು ಮುಂಗೋಪಿ. ಹೆಂಗಸಿಗೂ ಗಂಡಸಿಗೂ ಕನ್ನಡದಲ್ಲಿ ಇದೇ ರೂಪ ಸಲ್ಲುತ್ತದೆ.

ಈಗ ಮಾವನವರ ಮಾತಿಗೆ ಬರೋಣ. ತೆಲುಗಿನಲ್ಲಿ ‘ಮುಕ್ಕೋಪಿ’ ಎಂಬ ಪದವಿದೆ. ತೆಲುಗಿನ ‘ಮುಕ್ಕು’ ನಮ್ಮ ಮೂಗು. ಅಂದರೆ ಮಾವನವರು ಕನ್ನಡದ ಪದಕ್ಕೆ ಹೇಳಿದ ವಿವರಣೆ ತೆಲುಗಿನ ಪದಕ್ಕೆ ಪೂರ್ತಿಯಾಗಿ ಒಪ್ಪುತ್ತದೆ. ತಮಿಳಿನ ‘ಮುನ್‌ಕೋಪಂ’ ಮತ್ತು ಮಲಯಾಳದ ‘ಮುನ್‌ಕೋಪಂ’ ನಮ್ಮ ಹಾಗೆ ‘ಮುನ್’ ಎಂಬುದನ್ನೇ ಹಿಡಿದಿವೆ. ಮೂಗಿನ ಕಲ್ಪನೆ ಕನ್ನಡಕ್ಕೇನೂ ಹೊರಗಿನದಲ್ಲ; ‘ಮೂಗಿನ ತುದಿಯಲ್ಲೇ ಸಿಟ್ಟು’ ಎಂದು ನಾವು ದಿನವೂ ಹೇಳುತ್ತೇವೆ, ಮರಾಠಿಯವರೂ ಹೆಚ್ಚುಕಡಿಮೆ ಅದೇ ಮಾತನ್ನಾಡುತ್ತಾರೆ. ಸಿಟ್ಟು ಬಂದಾಗ ಮೂಗಿನ ಹೊಳ್ಳೆ ಅರಳುವುದನ್ನು ಕಂಡವರೆಲ್ಲರಿಗೂ ಆ ಮಾತು ತಾನಾಗಿ ಹೊಳೆದೀತು. ನುಡಿಗಟ್ಟಿನಲ್ಲಿ ಮೂಗು ಇದೆ, ಪದದಲ್ಲಿ ಇಲ್ಲ. ಎರಡೂ ಬಾಯಲ್ಲಿ ಒಟ್ಟೊಟ್ಟಿಗೆ ಓಡಾಡುವುದರಿಂದ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಂಡಿದೆ, ಅಷ್ಟೆ.

‘ಕೋಪ’ದ ಕಡೆಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇದು ಸಂಸ್ಕೃತದ ‘ಕುಪ್’ ಧಾತುವಿನಿಂದ ಬಂದದ್ದು. ಅದರ ಹಳೆಯ ಅರ್ಥ ಅಲುಗಾಡುವುದು, ಕದಡುವುದು, ಉಕ್ಕಿ ಏಳುವುದು. ಮನಸ್ಸಿನ ಸಿಟ್ಟು ಎಂಬುದು ಆ ಅರ್ಥದ ಒಂದು ಕವಲು. ಆಯುರ್ವೇದದವರು ‘ಪಿತ್ತ ಪ್ರಕೋಪಗೊಂಡಿದೆ’ ಎಂದಾಗ ಪಿತ್ತಕ್ಕೆ ಯಾರ ಮೇಲೂ ಸಿಟ್ಟು ಬಂದಿರುವುದಿಲ್ಲ. ಅದು ತನ್ನ ನೆಲೆ ಬಿಟ್ಟು ಕೆರಳಿದೆ ಎಂದಷ್ಟೇ ಅರ್ಥ. ಆಷಾಢದಲ್ಲಿ ಕಡಲು ಕೊರೆದು ತೆಂಗಿನ ಮರಗಳು ಬುಡಸಹಿತ ಉರುಳಿದಾಗ ಪತ್ರಿಕೆಗಳು ‘ಪ್ರಕೃತಿ ವಿಕೋಪ’ ಎಂದು ಬರೆಯುತ್ತವೆ. ಅಲ್ಲಿಯೂ ಇದೇ ಧಾತು, ಇದೇ ಹಳೆಯ ಅರ್ಥ. ‘ಮಾತು ವಿಕೋಪಕ್ಕೆ ಹೋಯಿತು’ ಎನ್ನುವಾಗಲೂ ಅಷ್ಟೇ. ಆದ್ದರಿಂದ ಮುಂಗೋಪ ಎಂಬ ಪದದೊಳಗೆ ಇರುವುದು ಮೊದಲು ಕದಡುವ, ಮೊದಲೇ ಉಕ್ಕಿ ಬರುವ ಮನಸ್ಸಿನ ಚಿತ್ರ.

ಯಾವುದಕ್ಕಿಂತ ಮೊದಲು? ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಪ್ರಶ್ನೆ ಇದು. ‘ಮುಂ’ ಎಂಬುದು ಮುಂಗೈ, ಮುಂಗುರುಳುಗಳಲ್ಲಿ ಜಾಗವನ್ನು ಹೇಳುತ್ತದೆ. ಮುಂಗಡ, ಮುನ್ಸೂಚನೆಗಳಲ್ಲಿ ಹೊತ್ತನ್ನು ಹೇಳುತ್ತದೆ. ಮುಂಗೋಪದಲ್ಲಿ ಇರುವುದು ಹೊತ್ತಿನ ಅರ್ಥವೆಂದೇ ನನ್ನ ತಿಳಿವಳಿಕೆ. ವಿಚಾರಿಸುವುದಕ್ಕಿಂತ ಮುನ್ನ ಬರುವ ಕೋಪ ಮುಂಗೋಪ. ಕೆಲವು ತಿಂಗಳ ಹಿಂದೆ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕಟಪಾಡಿಯಲ್ಲಿ ಹತ್ತಿದ ಕಾಲೇಜು ಹುಡುಗನೊಬ್ಬ ಟಿಕೆಟಿಗೆ ದುಡ್ಡು ಕೊಡದೆ ನಿಂತಿದ್ದಾನೆಂದು ಕಂಡಕ್ಟರು ಬಸ್ಸಿಡೀ ಕೇಳುವಂತೆ ಬೈದರು. ಹುಡುಗ ಚೀಲಕ್ಕೆ ಕೈಹಾಕಿ ಪಾಸು ಹುಡುಕುತ್ತಿದ್ದ. ಆ ಕೈ ಹೊರಗೆ ಬರುವಷ್ಟು ಹೊತ್ತನ್ನೂ ಅವರು ಕೊಡಲಿಲ್ಲ. ಪಾಸು ಕಂಡ ಮೇಲೆ ಏನನ್ನೂ ಹೇಳದೆ ಹಿಂದಕ್ಕೆ ಹೋದವರು ಪಡುಬಿದ್ರಿಯಲ್ಲಿ ಒಂದು ಸೀಟು ಖಾಲಿಯಾದಾಗ ಅದೇ ಹುಡುಗನನ್ನು ಕರೆದು, ‘ಬಾ ಮಾರಾಯ, ಇಲ್ಲಿ ಕೂತ್ಕೊ’ ಎಂದು ಕೂರಿಸಿದರು. ಅವರ ಕೋಪದಲ್ಲಿ ಹಗೆಯಿರಲಿಲ್ಲ, ಅದು ಉಳಿಯುವ ಕೋಪವೂ ಆಗಿರಲಿಲ್ಲ. ಅದು ಪಾಸಿಗಿಂತ ಮೊದಲು ಬಂದಿತ್ತು, ಅಷ್ಟೆ. ಮುಂಗೋಪಿ ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ನಾನು ಕಂಡಿಲ್ಲ.

‘ಮುಂದಾಲೋಚನೆ’ ಎಂಬ ಪದವನ್ನು ಇದರ ಪಕ್ಕದಲ್ಲಿಟ್ಟು ಮಗನಿಗೆ ತೋರಿಸಿ. ಎರಡರಲ್ಲೂ ಬೇರು ಒಂದೇ. ಒಬ್ಬನಲ್ಲಿ ಆಲೋಚನೆ ಮುಂದೆ ಹೋಗುತ್ತದೆ, ಇನ್ನೊಬ್ಬನಲ್ಲಿ ಕೋಪ ಮುಂದೆ ಹೋಗುತ್ತದೆ.

ಇನ್ನು ಅರಿಸಮಾಸದ ಸಂಶಯ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬೆಸೆದ ಸಮಾಸವನ್ನು ವೈಯಾಕರಣರು ಅರಿಸಮಾಸ ಎಂದು ಕರೆದು, ಸಾಮಾನ್ಯವಾಗಿ ಅದನ್ನು ಮಾಡಬಾರದೆಂದರು. ಆದರೆ 13ನೆಯ ಶತಮಾನದ ಕೇಶಿರಾಜನೇ ತನ್ನ ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗಳಿಗೂ ಹಿಂದಿನಿಂದ ರೂಢಿಯಲ್ಲಿರುವ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟಿದ್ದಾನೆ. ನಾವು ಕರಾವಳಿಯವರು ವರ್ಷದಲ್ಲಿ ನಾಲ್ಕು ತಿಂಗಳು ಬಾಳುವ ‘ಮಳೆಗಾಲ’ವೇ ಅರಿಸಮಾಸ. ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು. ಅಲ್ಲಿಯೂ ಕಕಾರ ಗಕಾರವಾಗಿದೆ ಎಂಬುದನ್ನು ಗಮನಿಸಿ. ಹೊರಗಿನಿಂದ ಬಂದ ಪದವೊಂದು ನಮ್ಮ ಸಂಧಿಯ ಕಟ್ಟಳೆಗೆ ಒಳಪಟ್ಟಿತೆಂದರೆ ಅದು ಮನೆಯ ಪದವಾಗಿಬಿಟ್ಟಿದೆ ಎಂದರ್ಥ. ಮುಂಗೋಪವನ್ನು ನಿಶ್ಚಿಂತೆಯಿಂದ ಬಳಸಿ.

ಮಗನಿಗೆ ಇಂಥ ವಿಷಯದಲ್ಲಿ ಆಸಕ್ತಿಯಿದ್ದರೆ ಒಂದು ಮಾತು. ಕೇಶಿರಾಜನ ಆ ವ್ಯಾಕರಣವನ್ನು ಪರಿಷ್ಕರಿಸಿ ಫರ್ಡಿನೆಂಡ್ ಕಿಟೆಲ್ ಅವರು 1872ರಲ್ಲಿ ಅಚ್ಚು ಹಾಕಿಸಿದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಹೊರಬಂದದ್ದೂ ಮಂಗಳೂರಿನಿಂದಲೇ. ಒಂದು ಕನ್ನಡ ಪದಕ್ಕೆ ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಯಾರು ನಂಟರು ಎಂದು ನೋಡುವ ಅಭ್ಯಾಸವನ್ನು ನಮಗೆ ಕಲಿಸಿದ ಪುಸ್ತಕ ಅದು. ಒಮ್ಮೆ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಆ ದಪ್ಪ ಸಂಪುಟವನ್ನು ಅವನ ಕೈಯಲ್ಲಿ ಬಿಡಿಸಿ ನೋಡಿಸಿ.

ಪ್ರಶ್ನೆ: ಮುಂಗೋಪಿ, ಸಿಡುಕ, ಕೋಪಿಷ್ಠ, ಗಂಟುಮೋರೆಯವ, ಇವುಗಳಿಗೆ ನಿಘಂಟುಗಳಲ್ಲಿ ಒಂದರ ಅರ್ಥವಾಗಿ ಇನ್ನೊಂದನ್ನು ಕೊಡುತ್ತಾರೆ. ಕಥೆ ಬರೆಯುವಾಗ ಇವುಗಳಲ್ಲಿ ಯಾವುದನ್ನಾದರೂ ಬಳಸಬಹುದೇ? (ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಘಂಟಿಗೆ ಜಾಗ ಕಡಿಮೆ, ಆದ್ದರಿಂದ ಅದು ಹತ್ತಿರದ ಪದವನ್ನು ತೋರಿಸಿ ಮುಂದೆ ಹೋಗುತ್ತದೆ. ಕಥೆಗಾರರಿಗೆ ಆ ಅವಸರವಿಲ್ಲ. ಈ ನಾಲ್ಕು ಪದಗಳು ನಾಲ್ಕು ಬೇರೆ ಬೇರೆ ಮನುಷ್ಯರನ್ನು ಕಣ್ಣ ಮುಂದೆ ನಿಲ್ಲಿಸುತ್ತವೆ.

‘ಸಿಡುಕ’ ಎಂಬ ಪದವನ್ನು ತಿಳಿಯಬೇಕಾದರೆ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟಿನ ಹತ್ತಿರ ನಿಲ್ಲಬೇಕು. ತೆಂಗಿನೆಣ್ಣೆ ಕಾಯುತ್ತದೆ, ಸಾಸಿವೆ ಹಾಕುತ್ತೀರಿ, ಒಂದು ಕ್ಷಣ ಏನೂ ಆಗುವುದಿಲ್ಲ. ಮತ್ತೆ ಒಂದು ಕಾಳು ‘ಚಟ್’ ಎನ್ನುತ್ತದೆ, ಅದರ ಹಿಂದೆಯೇ ಎಲ್ಲವೂ ಹಾರತೊಡಗುತ್ತವೆ. ಎಣ್ಣೆಯ ಹನಿ ಮುಂಗೈಯ ಮೇಲೆ ಬೀಳುತ್ತದೆ, ಕಟ್ಟೆಯ ಮೇಲೂ ಬೀಳುತ್ತದೆ, ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವರಿಗೂ ಒಂದು ತಗಲುತ್ತದೆ. ಕರಿಬೇವು ಬಿದ್ದರೆ ಇನ್ನೊಂದು ಸುತ್ತು. ಈ ಕ್ರಿಯೆಗೆ ಕನ್ನಡದಲ್ಲಿ ‘ಸಿಡಿ’ ಎನ್ನುತ್ತೇವೆ. ಸಿಡಿಲು, ಸಿಡಿಮದ್ದು, ಸಿಡಿಮಿಡಿ, ಸಿಡುಕು ಎಲ್ಲವೂ ಈ ಒಂದೇ ಕುಟುಂಬದವು. ತಮಿಳಿನಲ್ಲಿ ‘ಸಿಡುಸಿಡು’ ಎಂಬ ಅನುಕರಣ ಪದ ಎಣ್ಣೆಯಲ್ಲಿ ಏನಾದರೂ ಬೇಯುವಾಗಿನ ಸದ್ದನ್ನೂ ಹೇಳುತ್ತದೆ, ಮನುಷ್ಯ ರೇಗುವುದನ್ನೂ ಹೇಳುತ್ತದೆ. ಮುಖ ಸಿಂಡರಿಸಿಕೊಂಡೇ ಇರುವವರನ್ನು ಅವರು ‘ಸಿಡುಮೂಂಜಿ’ ಎನ್ನುತ್ತಾರೆ, ಅಂದರೆ ನಮ್ಮ ಸಿಡುಕುಮೋರೆ. ಸದ್ದಿನಿಂದ ಹುಟ್ಟಿದ ಪದವೊಂದು ಅಡುಗೆಮನೆಯಿಂದ ಮನುಷ್ಯನ ಸ್ವಭಾವಕ್ಕೆ ಬಂದು ಸೇರಿದ್ದು ಎರಡು ಭಾಷೆಗಳಲ್ಲೂ ಒಂದೇ ಬಗೆಯಾಗಿದೆ.

ಹೀಗಾಗಿ ಮುಂಗೋಪಿಯ ಸಿಟ್ಟಿಗೂ ಸಿಡುಕನ ಸಿಟ್ಟಿಗೂ ದೊಡ್ಡ ವ್ಯತ್ಯಾಸವಿದೆ. ಮುಂಗೋಪಿಯದು ಒಂದೇ ಬಾರಿಗೆ ಭುಗಿಲೆದ್ದು ಇಳಿಯುವ ಸಿಟ್ಟು, ಅದಕ್ಕೆ ಎದುರಿಗೆ ಒಬ್ಬರು ಬೇಕು. ಸಿಡುಕನದು ಚಿಕ್ಕ ಚಿಕ್ಕ ಹನಿಗಳ ಸಿಟ್ಟು. ಚಹಾ ತಣ್ಣಗಿದ್ದರೂ ಸಿಡುಕು, ಬಿಸಿಯಿದ್ದರೂ ಸಿಡುಕು. ಅದು ಯಾರನ್ನೂ ಗುರಿಯಿಟ್ಟು ಬರುವುದಿಲ್ಲ, ಹತ್ತಿರ ಇದ್ದವರ ಮೇಲೆ ಬೀಳುತ್ತದೆ. ಮುಂಗೋಪಿಯ ಮನೆಯವರು ಆಗಾಗ ಅಳುತ್ತಾರೆ. ಸಿಡುಕನ ಮನೆಯವರು ಮಾತು ಕಡಿಮೆ ಮಾಡುತ್ತಾರೆ. ಇಂಥ ಮನೆಗಳನ್ನು ಕಂಡವರಿಗೆ ಈ ಮಾತು ಗೊತ್ತಾಗುತ್ತದೆ, ನಿಮ್ಮ ಕಥೆಯಲ್ಲಿ ಅದನ್ನು ತೋರಿಸಬಹುದು.

‘ಕೋಪಿಷ್ಠ’ದಲ್ಲಿರುವ ‘ಇಷ್ಠ’ ಎಂಬುದು ಬಲಿಷ್ಠ, ಪಾಪಿಷ್ಠಗಳಲ್ಲಿ ಇರುವಂಥದ್ದು. ಅದು ‘ಎಲ್ಲರಿಗಿಂತ ಹೆಚ್ಚು’ ಎಂಬುದನ್ನು ಸೂಚಿಸುತ್ತದೆ. ಆದ್ದರಿಂದ ಮಹಾಪ್ರಾಣದ ‘ಠ’ವನ್ನೇ ಬರೆಯಬೇಕು, ‘ತುಂಬಾ ಕೋಪಿಷ್ಠ’ ಎಂದು ಮತ್ತೆ ತೂಕ ಏರಿಸಬೇಕಾಗಿಲ್ಲ. ಗಂಟುಮೋರೆಯವನು ಬಾಯಿ ಬಿಡುವವನೇ ಅಲ್ಲ. ಅವನ ಸಿಟ್ಟು ಹುಬ್ಬುಗಳ ನಡುವೆ ಗಂಟಾಗಿ ಕೂತಿರುತ್ತದೆ.

ಇವುಗಳ ಜತೆಗೆ ‘ಮುನಿಸು’ ಎಂಬುದನ್ನೂ ಸೇರಿಸಿಕೊಳ್ಳಿ, ನೀವು ಅದನ್ನು ಕೇಳದಿದ್ದರೂ. ‘ಮುನಿ’ ಎಂಬ ಕನ್ನಡ ಕ್ರಿಯಾಪದಕ್ಕೆ ಕೋಪಗೊಳ್ಳು ಎಂದರ್ಥ, ತಮಿಳಿನಲ್ಲೂ ಅದು ಇದೆ. ತಪಸ್ಸು ಮಾಡುವ ಸಂಸ್ಕೃತದ ಮುನಿಗೂ ಇದಕ್ಕೂ ಸಂಬಂಧವಿಲ್ಲ. ‘ತನಗೆ ಮುನಿವವರಿಗೆ ತಾ ಮುನಿಯಲೇಕಯ್ಯಾ’ ಎಂದು ಬಸವಣ್ಣನವರು ವಚನವನ್ನು ಆರಂಭಿಸುವಾಗ ಬಳಸಿದ್ದು ಈ ಕನ್ನಡದ ಮುನಿಯನ್ನೇ. ಅದೇ ವಚನ ಮುಂದುವರಿದು ತನುವಿನ ಕೋಪ, ಮನದ ಕೋಪ ಎಂಬಲ್ಲಿಗೆ ಬಂದಾಗ ಪದ ಬದಲಾಗುತ್ತದೆ. ಒಬ್ಬರು ಇನ್ನೊಬ್ಬರ ಮೇಲೆ ತಾಳುವ ಅಸಮಾಧಾನಕ್ಕೆ ಮುನಿ, ಒಳಗಿದ್ದು ಸುಡುವ ಬೆಂಕಿಗೆ ಕೋಪ. ಇಂದಿನ ಕನ್ನಡದಲ್ಲಿ ಮುನಿಸು ಇನ್ನೂ ಮೆದುವಾಗಿದೆ. ಪ್ರೀತಿ ಇಲ್ಲದ ಕಡೆ ಮುನಿಸು ಇರುವುದಿಲ್ಲ. ಅಪರಿಚಿತರ ಮೇಲೆ ನಮಗೆ ಸಿಟ್ಟು ಬರಬಹುದು, ಮುನಿಸು ಬರಲಾರದು.

ಪ್ರಶ್ನೆ: ಗಂಡಸಿಗೆ ಸಿಟ್ಟು ಹೆಚ್ಚಿದ್ದರೆ ಮುಂಗೋಪಿ ಎಂದು ಸುಮ್ಮನಾಗುತ್ತಾರೆ. ಹೆಂಗಸಿಗೆ ಮಾತ್ರ ಬಜಾರಿ, ಗಯ್ಯಾಳಿ, ಚಂಡಿ ಎಂದೆಲ್ಲ ಹೆಸರು. ಈ ಪದಗಳು ಎಲ್ಲಿಂದ ಬಂದವು? (ಓದುಗರೊಬ್ಬರು, ಮಲ್ಪೆ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನೋವಿದೆ, ಅದು ನ್ಯಾಯವಾದ ನೋವು. ‘ಬಜಾರಿ’ ಬಂದದ್ದು ಪಾರಸಿಯ ‘ಬಾಜಾರ್’ ಎಂಬುದರಿಂದ, ಅಂದರೆ ಪೇಟೆ. ಪೇಟೆಯಲ್ಲಿ ನಿಂತು ಎತ್ತರದ ದನಿಯಲ್ಲಿ ಮಾತಾಡುವವಳು ಎಂಬುದು ಅದರ ಹಿಂದಿರುವ ಎಣಿಕೆ. ಮಲ್ಪೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ: ನಸುಕಿನಲ್ಲಿ ದೋಣಿಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಮೀನಿನ ಏಲದ ಗದ್ದಲದ ನಡುವೆ ನಿಂತು ಬುಟ್ಟಿ ತುಂಬಿಸಿಕೊಂಡು, ಬಂಗುಡೆ ಬೂತಾಯಿಗಳನ್ನು ಮಾರಿ ಮನೆ ನಡೆಸುವ ಹೆಂಗಸರಿಗೆ ಎತ್ತರದ ದನಿ ತಕ್ಕಡಿಯಷ್ಟೇ ಬೇಕಾದ ಸಾಧನ. ದುಡಿಮೆಯ ದನಿಯನ್ನು ಕೆಟ್ಟ ಗುಣವೆಂದು ಹೆಸರಿಸಿದ ಪದ ಅದು. ನಾನು ಅದನ್ನು ಬರವಣಿಗೆಯಲ್ಲಿ ಬಳಸುವುದಿಲ್ಲ. ‘ಗಯ್ಯಾಳಿ’ ತೆಲುಗಿನಲ್ಲೂ ಇದೇ ಅರ್ಥದಲ್ಲಿದೆ, ಎರಡು ಭಾಷೆಗಳಲ್ಲೂ ಅದು ಹೆಂಗಸಿಗೇ ಮೀಸಲು.

‘ಚಂಡಿ’ಯ ಕಥೆ ಇನ್ನೂ ಯೋಚಿಸಬೇಕಾದದ್ದು. ಸಂಸ್ಕೃತದಲ್ಲಿ ‘ಚಂಡ’ ಎಂದರೆ ಉಗ್ರ, ತೀಕ್ಷ್ಣ. ಗಾಳಿಗೆ ಸೇರಿದರೆ ಚಂಡಮಾರುತ. ಗಂಡಸಿಗೆ ಸೇರಿದರೆ ‘ಪ್ರಚಂಡ’, ಅದು ಹೊಗಳಿಕೆ. ಚುನಾವಣೆಯಲ್ಲಿ ಗೆದ್ದವರಿಗೆ ‘ಪ್ರಚಂಡ ಬಹುಮತ’. ದೇವಿಗೆ ಸೇರಿದರೆ ಚಂಡಿಕೆ. ಕೊಲ್ಲೂರಿನಲ್ಲಿ ಆಕೆಯ ಹೆಸರಿನಲ್ಲಿ ಚಂಡಿಕಾಹೋಮ ನಡೆಯುತ್ತದೆ, ಜನ ಭಕ್ತಿಯಿಂದ ಕೈಮುಗಿಯುತ್ತಾರೆ. ಅದೇ ಪದ ಮನೆಯ ಹೆಂಗಸಿನ ಮೇಲೆ ಬಿದ್ದಾಗ ಮಾತ್ರ ನಿಂದೆ. ಪದದಲ್ಲಿ ತಪ್ಪಿಲ್ಲ, ಆಡುವವರ ನೋಟದಲ್ಲಿದೆ. ನೀವು ಬರೆಯುವಾಗ ಹೆಂಗಸಿಗೂ ಮುಂಗೋಪಿ ಎಂದೇ ಬರೆಯಿರಿ. ಸಿಡುಕನಿಗೆ ‘ಸಿಡುಕಿ’, ಜಗಳಗಂಟನಿಗೆ ‘ಜಗಳಗಂಟಿ’ ಎಂಬ ಜೋಡಿಗಳೂ ಇವೆ. ಗುಣವನ್ನು ಹೇಳಲು ಅಷ್ಟು ಸಾಕು.

ನಮ್ಮ ಕಡೆಯ ಕನ್ನಡದಲ್ಲಿ ‘ಅಂಗಿ ಚಂಡಿಯಾಯಿತು’ ಎಂದರೆ ಒದ್ದೆಯಾಯಿತು ಎಂದು ಅರ್ಥ. ಅದು ತುಳುವಿನಿಂದ ಬಂದ ಬೇರೆಯೇ ಪದ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಇಂಥ ನೆರೆಹೊರೆಯ ಪದಗಳನ್ನು ಬಿಡಿಸಿ ನೋಡಲು ತುಂಬ ಒದಗುತ್ತದೆ.

ಪ್ರಶ್ನೆ: ನನ್ನ ಜತೆಗೆ ಕೆಲಸ ಮಾಡುವ ಕೊಂಕಣಿ ಮನೆಮಾತಿನವರು ಸಿಟ್ಟಿಗೆ ‘ರಾಗ್’ ಎನ್ನುತ್ತಾರೆ. ‘ರಾಗ್ ಆಯ್ಲೊ’ ಎಂದಾಗ ನನಗೆ ಹಾಡೇ ನೆನಪಾಗುತ್ತದೆ. ಸಂಗೀತದ ರಾ‌ಗಕ್ಕೂ ಇದಕ್ಕೂ ಸಂಬಂಧ ಉಂಟೇ? (ಓದುಗರೊಬ್ಬರು, ಬಿಜೈ, ಮಂಗಳೂರು)

ಉತ್ತರ: ಉಂಟು, ಎರಡೂ ಒಂದೇ ಪದ. ಸಂಸ್ಕೃತದ ‘ರಂಜ್’ ಧಾತುವಿಗೆ ಬಣ್ಣ ಏರುವುದು, ಕೆಂಪಾಗುವುದು ಎಂಬ ಅರ್ಥವಿದೆ. ಅದರಿಂದ ಆದ ‘ರಾಗ’ ಎಂದರೆ ಬಣ್ಣ, ಮುಖ್ಯವಾಗಿ ಕೆಂಪು. ಮನಸ್ಸಿಗೆ ಬಣ್ಣ ಏರಿಸುವ ಪ್ರೀತಿ ‘ಅನುರಾಗ’ವಾಯಿತು, ಕೇಳುವವರ ಮನಸ್ಸಿಗೆ ಬಣ್ಣ ಏರಿಸುವ ಸ್ವರಗಳ ಕೂಟ ಸಂಗೀತದ ರಾಗವಾಯಿತು. ಮರಾಠಿಯಲ್ಲೂ ಕೊಂಕಣಿಯಲ್ಲೂ ಮುಖಕ್ಕೆ ಕೆಂಪು ಏರಿಸುವ ಸಿಟ್ಟು ಆ ಹೆಸರನ್ನು ಪಡೆಯಿತು. ಸಿಟ್ಟಿನ ಸ್ವಭಾವದವರಿಗೆ ಮರಾಠಿಯಲ್ಲಿ ‘ರಾಗೀಟ’ ಎನ್ನುತ್ತಾರೆ. ಕನ್ನಡ ಕವಿಗಳಿಗೂ ಈ ಕೆಂಪು ಗೊತ್ತಿತ್ತು. ಸುಮಾರು ಸಾವಿರ ವರ್ಷಗಳ ಹಿಂದೆ ರನ್ನ ತನ್ನ ಗದಾಯುದ್ಧದಲ್ಲಿ ಕೊಳದೊಳಗೆ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ನೀರೊಳಗಿದ್ದೂ ಬೆವರಿದನೆಂದು ಹೇಳುವಾಗ ಅವನನ್ನು ‘ಕೋಪಾರುಣನೇತ್ರಂ’ ಎಂದು ಕರೆದಿದ್ದಾನೆ. ಅರುಣ ಎಂದರೆ ಕೆಂಪು. ನಿಮ್ಮ ಜತೆಯವರು ಮುಂದಿನ ಸಲ ‘ರಾಗ್ ಆಯ್ಲೊ’ ಎಂದಾಗ ಆ ಕೆಂಪನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ಅಂಬರೀಷನ ಕಥೆಯ ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ‘ಜತೆಯಲ್ಲಿ ವಾಸ ಮಾಡುವುದು ಕಷ್ಟ, ಆದ್ದರಿಂದ ದುರ್ವಾಸ’ ಎಂದರು. ಹಲವರು ‘ದೂರ್ವಾಸ’ ಎಂದು ದೀರ್ಘ ಬರೆಯುತ್ತಾರೆ. ಯಾವುದು ಸರಿ? ಸಿಟ್ಟಿನವರನ್ನು ‘ದುರ್ವಾಸ’ ಎನ್ನುವುದು ಆ ಅರ್ಥದಿಂದಲೇ? (ಓದುಗರೊಬ್ಬರು, ಉಡುಪಿ)

ಉತ್ತರ: ಹ್ರಸ್ವದ ‘ದುರ್ವಾಸ’ ಸರಿ. ಮೂಲ ರೂಪ ‘ದುರ್ವಾಸಸ್’. ‘ವಾಸಸ್’ ಎಂದರೆ ಬಟ್ಟೆ, ಆದ್ದರಿಂದ ಹೆಸರಿನ ಅರ್ಥ ಒಳ್ಳೆಯ ಬಟ್ಟೆಯಿಲ್ಲದವನು ಎಂದು. ಕನ್ನಡಕ್ಕೆ ಬರುವಾಗ ಕೊನೆಯ ಸಕಾರ ಬಿದ್ದುಹೋಗಿ, ಬಟ್ಟೆಯ ‘ವಾಸಸ್’ ಮನೆಯ ‘ವಾಸ’ದಂತೆ ಕೇಳತೊಡಗಿತು. ಅರ್ಥಧಾರಿಗಳ ಮಾತು ಅಲ್ಲಿಂದ ಹುಟ್ಟಿದೆ. ರಂಗದ ಮೇಲೆ ಪಾತ್ರವನ್ನು ಬೆಳೆಸಲು ಅಂಥ ಅರ್ಥ ಹೇಳುವುದು ಕಲೆಯ ಹಕ್ಕು, ನಾನೂ ಕೇಳಿ ಸಂತೋಷಪಡುವವನು. ವ್ಯುತ್ಪತ್ತಿ ಎಂದು ಬರೆಯುವಾಗ ಮಾತ್ರ ಅದನ್ನು ಸೇರಿಸಬಾರದು. ಇನ್ನು ‘ದೂರ್ವೆ’ ಎಂದರೆ ಗರಿಕೆ; ದೀರ್ಘ ನುಸುಳುವುದಕ್ಕೆ ಆ ಪದದ ಪರಿಚಯವೂ ಕಾರಣವಿದ್ದೀತು.

ಅಂದರೆ ಹೆಸರಿನಲ್ಲಿ ಸಿಟ್ಟಿಲ್ಲ. ಸಿಟ್ಟು ಬಂದದ್ದು ಕಥೆಗಳಿಂದ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಶಾಪ ಕೊಟ್ಟು ಹೋಗುವ ಈ ಮುನಿಯನ್ನು ‘ಸುಲಭಕೋಪ’ ಎಂದು ಕರೆಯಲಾಗಿದೆ. ನಮ್ಮ ಮುಂಗೋಪಿಗೆ ಇಷ್ಟು ಹತ್ತಿರದ ಸಂಸ್ಕೃತ ಪದ ಇನ್ನೊಂದಿಲ್ಲ. ನೀವು ಕೇಳಿದ ಅಂಬರೀಷನ ಕಥೆ ಭಾಗವತದ ಒಂಬತ್ತನೆಯ ಸ್ಕಂಧದ್ದು. ಏಕಾದಶಿಯ ಉಪವಾಸ ಮುಗಿಸಿ ದ್ವಾದಶಿಯ ಪಾರಣೆಗೆ ಹೊತ್ತು ಮೀರದಂತೆ ಎಷ್ಟು ಎಚ್ಚರ ವಹಿಸುತ್ತಾರೆಂಬುದನ್ನು ಉಡುಪಿಯವರಾದ ನೀವು ಬಲ್ಲಿರಿ. ಅತಿಥಿಯಾಗಿ ಬಂದ ದುರ್ವಾಸರು ಯಮುನೆಗೆ ಸ್ನಾನಕ್ಕೆ ಹೋದವರು ತಡಮಾಡಿದರು, ದ್ವಾದಶಿ ಕಳೆಯುವುದರಲ್ಲಿತ್ತು, ಅತಿಥಿಗಿಂತ ಮೊದಲು ಉಣ್ಣಬಾರದು, ವ್ರತವನ್ನೂ ಕೆಡಿಸಬಾರದು ಎಂದು ಅರಸ ನೀರನ್ನಷ್ಟೇ ಗುಟುಕರಿಸಿದ. ಹಿಂತಿರುಗಿದ ಮುನಿಗಳು ಏಕೆ ಎಂದು ಕೇಳಲಿಲ್ಲ, ಜಡೆಯನ್ನು ಕಿತ್ತು ಅರಸನನ್ನು ಕೊಲ್ಲಲು ಕೃತ್ಯೆ ಎಂಬ ಮಾರಕ ಶಕ್ತಿಯನ್ನು ಹುಟ್ಟಿಸಿದರು. ಸುದರ್ಶನ ಚಕ್ರ ಅವರನ್ನು ಒಂದು ವರ್ಷ ಅಟ್ಟಿಸಿತು, ಅರಸ ಅಷ್ಟೂ ಕಾಲ ಊಟ ಮಾಡದೆ ಅವರಿಗಾಗಿ ಕಾದ. ಬ್ರಹ್ಮಾವರದ ಹುಡುಗನಿಗೆ ‘ಮುಂ’ ಎಂಬುದರ ಅರ್ಥ ಹೇಳುವಾಗ ಈ ಕಥೆಯನ್ನೂ ಹೇಳಬಹುದು.

ಸಿಟ್ಟಿನವರಿಗೆ ಬಳಸುವ ಇನ್ನೊಂದು ಹೆಸರಾದ ‘ಜಮದಗ್ನಿ’ಯಲ್ಲಿ ಮಾತ್ರ ಹೆಸರೇ ಬೆಂಕಿಯದು. ಉರಿಯುವ ಅಗ್ನಿಯುಳ್ಳವನು ಎಂದು, ವೇದದ ಪದಗಳಿಗೆ ಅರ್ಥ ಹೇಳುವ ಹಳೆಯ ಗ್ರಂಥವಾದ ಯಾಸ್ಕನ ನಿರುಕ್ತ ಅದನ್ನು ಬಿಡಿಸುತ್ತದೆ. ಹೆಂಡತಿಯ ತಲೆ ತರಿಯಲು ಮಗನಿಗೆ ಹೇಳಿದ ಆ ಋಷಿಯ ಮಗ ಪರಶುರಾಮನಿಂದಲೇ ನಮ್ಮ ಈ ಕರಾವಳಿ ಹುಟ್ಟಿತೆಂಬ ನಂಬಿಕೆಯಿದೆ. ‘ಅವರೊಬ್ಬ ದುರ್ವಾಸ’, ‘ಅವರೊಬ್ಬ ಜಮದಗ್ನಿ’ ಎಂಬ ಎರಡೂ ಪ್ರಯೋಗಗಳು ಕನ್ನಡದಲ್ಲಿ ಸಲ್ಲುತ್ತವೆ. ಮೊದಲನೆಯದನ್ನು ಬರೆಯುವಾಗ ದಕಾರದ ಕೊಂಬನ್ನು ಎಳೆಯಬೇಡಿ.